ಇಲ್ಲದವರ ಹೆಸರಿನಲ್ಲಿ ಕಿತ್ತುಕೊಂಡ ಪಿಂಚಣಿ

ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ಅವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಎಲ್ಲರ ಬಾಯಲ್ಲಿರುವ ಎನ್‌ಪಿಎಸ್‌ಗೆ, ಸೇರಿದವರು. ಸೇನೆಯನ್ನು ಹೊರತುಪಡಿಸಿ ತನ್ನ ಉಳಿದ ನೌಕರರಿಗೆ ಕೇಂದ್ರ ಸರ್ಕಾರ ಇದನ್ನು 2004ರ ಜನವರಿ 1ರಿಂದಲೇ ಜಾರಿಗೆ ತಂದಿತ್ತು. 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಅನಿರ್ದಿಷ್ಟ ಮುಷ್ಕರ ಹೂಡಿದಾಗ ಅವರ ಎರಡು ಮುಖ್ಯ ಬೇಡಿಕೆಗಳಲ್ಲಿ ಒಂದು ಏಳನೇ ವೇತನ ಆಯೋಗದ ಜಾರಿ, ಇನ್ನೊಂದು ಹಳೆ ಪಿಂಚಣಿಯನ್ನು ಮರಳಿ ತರುವುದು.

ಈ ಎರಡನೇ ಬೇಡಿಕೆಯ ವಿರುದ್ಧ ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದ ಪೇಟೆಗಳಲ್ಲಿ ಕೇಳಿಬರುವ ಮಾತು ರಾಜ್ಯದ ಬೇರೆ ಕಡೆ ಕೇಳುವುದಕ್ಕಿಂತ ಹರಿತವಾಗಿದೆ. ಕೈತುಂಬ ಸಂಬಳ ಎಣಿಸಿದವರಿಗೆ ಸಾಯುವ ತನಕ ಪಿಂಚಣಿ ಯಾಕೆ? ಕಡಲಿಗೆ ಹೋಗುವವನಿಗೆ ಅದು ಇದೆಯೇ? ಬುಟ್ಟಿ ಹೊತ್ತು ಮೀನು ಮಾರುವವಳಿಗೆ ಇದೆಯೇ? ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದವನಿಗೆ ಇದೆಯೇ? ಇದೇ ಮಾತನ್ನು ಅರ್ಥಶಾಸ್ತ್ರಜ್ಞರು ಅಂಕಿಅಂಶಗಳ ಜೊತೆ, ಸಂಪಾದಕೀಯಗಳು ಹಿತವಚನದ ಧಾಟಿಯಲ್ಲಿ ಹೇಳುತ್ತವೆ. ಒಟ್ಟು ವಾದದಲ್ಲಿ ಮೂರು ಎಳೆಗಳಿವೆ. ಹಳೆ ಪಿಂಚಣಿಯನ್ನು ಖಜಾನೆ ತಾಳಲಾರದು ಎಂಬುದು ಒಂದು. ಪಿಂಚಣಿ ಇಲ್ಲದ ಬಹುಜನರ ಮುಂದೆ ಕೆಲವರಿಗೆ ಅದನ್ನು ಕೊಡುವುದು ಅನ್ಯಾಯ ಎಂಬುದು ಎರಡನೆಯದು. ಅದಕ್ಕಾಗಿ ಮುಷ್ಕರ ಹೂಡುವುದೆಂದರೆ ಜನರನ್ನು ಒತ್ತೆಯಿಟ್ಟುಕೊಂಡಂತೆ ಎಂಬುದು ಮೂರನೆಯದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಮೂರನೆಯದು ಯಾರು ಯಾರನ್ನು ಒತ್ತೆಯಿಟ್ಟಿದ್ದಾರೆ ಎಂಬುದನ್ನು ನೋಡದೆ ಆಡಿದ ಮಾತು. ಎರಡನೆಯದು ಕೇಳಲು ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪೂ ಅದೇ.

ಎರಡು ವ್ಯವಸ್ಥೆಗಳ ನಡುವಿನ ವ್ಯತ್ಯಾಸ ಮೊದಲು ತಿಳಿಯಬೇಕು. ಹಳೆ ಪಿಂಚಣಿಯಲ್ಲಿ ಪೂರ್ಣಾವಧಿ ಸೇವೆ ಮಾಡಿದ ನೌಕರನಿಗೆ ಕೊನೆಯ ಮೂಲವೇತನದ ಅರ್ಧದಷ್ಟು ತಿಂಗಳು ತಿಂಗಳು ಬರುತ್ತದೆ. ಬೆಲೆ ಏರಿದಂತೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆಯೂ ಏರುತ್ತದೆ. ನೌಕರ ತೀರಿಕೊಂಡರೆ ಗಂಡನಿಗೋ ಹೆಂಡತಿಗೋ ಕುಟುಂಬ ಪಿಂಚಣಿ ಸಿಗುತ್ತದೆ. ಇದಕ್ಕಾಗಿ ಸಂಬಳದಿಂದ ಏನನ್ನೂ ಹಿಡಿಯುವುದಿಲ್ಲ. ಆಯಾ ವರ್ಷದ ಬಜೆಟ್ಟಿನಿಂದಲೇ ಹಣ ಹೋಗುತ್ತದೆ. ಎನ್‌ಪಿಎಸ್‌ನಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ನ್ನು ಪ್ರತಿ ತಿಂಗಳು ಸಂಬಳದಲ್ಲೇ ಹಿಡಿಯುತ್ತಾರೆ. ಸರ್ಕಾರ ಮೊದಲು ಅಷ್ಟೇ ಸೇರಿಸುತ್ತಿತ್ತು, ಈಗ ಶೇ. 14 ಸೇರಿಸುತ್ತದೆ. ಈ ಹಣ ನಿಧಿ ನಿರ್ವಾಹಕ ಕಂಪನಿಗಳ ಮೂಲಕ ಸರ್ಕಾರಿ ಸಾಲಪತ್ರ, ಕಂಪನಿ ಸಾಲಪತ್ರ ಮತ್ತು ಷೇರುಗಳಿಗೆ ಹೋಗುತ್ತದೆ. ನಿವೃತ್ತಿಯ ದಿನ ಗಂಟಿನ ಶೇ. 60ರವರೆಗೆ ಕೈಗೆ ಸಿಗುತ್ತದೆ. ಉಳಿದ ಕನಿಷ್ಠ ಶೇ. 40ರಿಂದ ವಿಮಾ ಕಂಪನಿಯೊಂದರ ವರ್ಷಾಶನ ಕೊಳ್ಳಬೇಕು, ಅದೇ ಮುಂದಿನ ಪಿಂಚಣಿ. ಮಾಸಿಕ ಮೊತ್ತ ಎಷ್ಟೆಂದು ನಿವೃತ್ತಿಯ ಹೊಸ್ತಿಲಿಗೆ ಬರುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಅದು ತುಟ್ಟಿಭತ್ಯೆಯಂತೆ ಬೆಲೆಯ ಜೊತೆ ಏರುವುದೂ ಇಲ್ಲ.

ಒಂದು ಲೆಕ್ಕ ಹಾಕಬಹುದು. ತಡವಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯೊಬ್ಬರ ಗಂಟು ನಿವೃತ್ತಿಯ ದಿನ 30 ಲಕ್ಷ ರೂಪಾಯಿ ಎಂದಿರಲಿ. ಶೇ. 40 ಎಂದರೆ 12 ಲಕ್ಷ. ವರ್ಷಕ್ಕೆ ಶೇ. 6.5ರ ದರದಲ್ಲಿ ವರ್ಷಾಶನ ಸಿಕ್ಕರೆ ತಿಂಗಳಿಗೆ 6,500 ರೂಪಾಯಿ. ಕೈಗೆ ಬಂದ 18 ಲಕ್ಷವನ್ನೂ ಮುಟ್ಟದೆ ಅದೇ ದರದಲ್ಲಿ ತೊಡಗಿಸಿದರೆ ಒಟ್ಟು 16,250. ಆಕೆಯ ಕೊನೆಯ ಮೂಲವೇತನ 60,000 ಆಗಿದ್ದು ಪೂರ್ಣಾವಧಿ ಸೇವೆಯೂ ಆಗಿದ್ದರೆ ಹಳೆಯ ಲೆಕ್ಕದಲ್ಲಿ 30,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಬರುತ್ತಿತ್ತು. ಸೇವಾವಧಿ ಕಡಿಮೆಯಾದರೆ ಹಳೆಯ ಪಿಂಚಣಿಯೂ ಕಡಿಮೆಯಾಗುತ್ತದೆ, ನಿಜ. ಇಪ್ಪತ್ತೈದರ ಪ್ರಾಯದಲ್ಲೇ ಸೇರಿದವರ ಎನ್‌ಪಿಎಸ್ ಗಂಟು ಇದಕ್ಕಿಂತ ಬಹಳ ದೊಡ್ಡದಾಗಿರುತ್ತದೆ ಎನ್ನುವುದೂ ನಿಜ. ಆದರೆ ಅತಿಥಿ ಶಿಕ್ಷಕರಾಗಿ, ಗುತ್ತಿಗೆಯಲ್ಲಿ, ವರ್ಷಾನುಗಟ್ಟಲೆ ಕಾದು ಮೂವತ್ತೈದು ದಾಟಿದ ಮೇಲೆ ಕಾಯಂ ಆದವರು ಈ ಪೀಳಿಗೆಯಲ್ಲಿ ಅನೇಕರಿದ್ದಾರೆ. ಷೇರುಪೇಟೆ ಗಂಟನ್ನು ಬೆಳೆಸಲು ಬೇಕಾದ ದೀರ್ಘ ಕಾಲವೇ ಅವರ ಬಳಿ ಇಲ್ಲ.

ಇನ್ನು ಖಜಾನೆಯ ಪ್ರಶ್ನೆ. ಸುಧಾರಣೆಯ ಪರ ಮಾತಾಡುವವರು ಎನ್‌ಪಿಎಸ್ ಬಂದದ್ದರಿಂದ ಸರ್ಕಾರದ ಹೊರೆ ಇಳಿದಿದೆ ಎಂಬ ಭಾವನೆ ಹುಟ್ಟಿಸುತ್ತಾರೆ. ಹೊರೆ ಇನ್ನೂ ಇಳಿದಿಲ್ಲ. ಇವತ್ತು ಪಿಂಚಣಿ ಪಡೆಯುತ್ತಿರುವವರಲ್ಲಿ ಬಹುತೇಕ ಎಲ್ಲರೂ 2006ಕ್ಕಿಂತ ಮೊದಲು ಸೇರಿದವರು. 2006ರ ಏಪ್ರಿಲ್‌ನಲ್ಲಿ ಇಪ್ಪತ್ತೈದನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ಗುಮಾಸ್ತ ನಿವೃತ್ತನಾಗುವುದು 2041ರಲ್ಲಿ. ಅಲ್ಲಿಯವರೆಗೆ ಸರ್ಕಾರ ಹಳಬರ ಪಿಂಚಣಿಯನ್ನೂ ಕೊಡಬೇಕು, ಹೊಸಬರ ಹೆಸರಿಗೆ ಶೇ. 14ನ್ನೂ ಕಟ್ಟಬೇಕು. ಉಳಿತಾಯವೇನಿದ್ದರೂ ಮುಂದಿನ ದಶಕಗಳದ್ದು. ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶದ ಸರ್ಕಾರಗಳು 2022 ಮತ್ತು 2023ರಲ್ಲಿ ಹಳೆ ಪಿಂಚಣಿಗೆ ಮರಳುವುದಾಗಿ ಸಾರಿದಾಗ ಈ ಲೆಕ್ಕವೂ ಅವುಗಳ ತಲೆಯಲ್ಲಿತ್ತು: ತಿಂಗಳ ವಂತಿಗೆ ತಕ್ಷಣ ನಿಲ್ಲುತ್ತದೆ, ಬಿಲ್ಲು ಇಪ್ಪತ್ತು ವರ್ಷದ ಮೇಲೆ ಬರುತ್ತದೆ. ಹಳೆ ಪಿಂಚಣಿಯನ್ನು ಬೆಂಬಲಿಸುವವರು ಈ ಚಾಳಿಯನ್ನು ಬೆಂಬಲಿಸಬೇಕಾಗಿಲ್ಲ.

ಆ ಬಿಲ್ಲು ಸಣ್ಣದೂ ಅಲ್ಲ. ಎಲ್ಲ ರಾಜ್ಯಗಳೂ ಹಳೆ ಪಿಂಚಣಿಗೆ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ 4.5 ಪಟ್ಟಿನಷ್ಟಾಗಬಹುದು, 2060ರ ಹೊತ್ತಿಗೆ ಹೆಚ್ಚುವರಿ ಖರ್ಚು ದೇಶದ ಒಟ್ಟು ಉತ್ಪನ್ನದ ಶೇ. 0.9ನ್ನು ಮುಟ್ಟಬಹುದು ಎಂದು 2023ರಲ್ಲಿ ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು ಅಂದಾಜಿಸಿತು. ಈ ಅಂಕಿಯನ್ನು ತಳ್ಳಿಹಾಕಲು ಕಾರಣವಿಲ್ಲ. ಅದು ಏನನ್ನು ಅಳೆಯುತ್ತಿದೆ ಎಂಬುದನ್ನು ಮಾತ್ರ ಸರಿಯಾಗಿ ಓದಬೇಕು. ಮನುಷ್ಯ ಎಷ್ಟು ವರ್ಷ ಬದುಕುತ್ತಾನೋ, ಬೆಲೆ ಎಷ್ಟು ಏರುತ್ತದೋ, ನಿವೃತ್ತಿಯ ವರ್ಷ ಪೇಟೆ ಬಿದ್ದಿರುತ್ತದೋ ಎದ್ದಿರುತ್ತದೋ ಎಂಬ ಮೂರು ಅನಿಶ್ಚಿತಗಳ ಬೆಲೆ ಅದು. ಹಳೆ ವ್ಯವಸ್ಥೆಯಲ್ಲಿ ಅದನ್ನು ಸರ್ಕಾರ ತೆರುತ್ತದೆ. ಎನ್‌ಪಿಎಸ್‌ನಲ್ಲಿ ಆ ಬೆಲೆ ಮಾಯವಾಗುವುದಿಲ್ಲ, ಬಜೆಟ್ಟಿನ ಪುಸ್ತಕದಿಂದ ಎಪ್ಪತ್ತೈದರ ಮುದುಕಿಯ ಔಷಧಿ ಚೀಟಿಗೆ ವರ್ಗವಾಗುತ್ತದೆ. ಲಕ್ಷಾಂತರ ಜನರ ಅಪಾಯವನ್ನು ಒಟ್ಟುಗೂಡಿಸಿ ಹೊರಲು ಸರ್ಕಾರಕ್ಕಿರುವ ಶಕ್ತಿ ಒಂಟಿ ಮುದುಕಿಗಿಲ್ಲ. ಖಜಾನೆ ತಾಳಲಾರದ ಅಪಾಯವನ್ನು ಅವಳು ತಾಳಲಿ ಎನ್ನುವುದು ಮಿತವ್ಯಯವಾಗಲಾರದು.

ಹಣವೇ ಇಲ್ಲ ಎಂಬ ಮಾತನ್ನು ಸರ್ಕಾರಗಳ ನಡೆ ಕೂಡ ಪುಷ್ಟೀಕರಿಸುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ಮೂಲ ಆದಾಯ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಕೇಂದ್ರ ಸರ್ಕಾರವೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಸಕಾಂಗ, ಸದನದ ಗದ್ದಲದ ನಡುವೆಯೇ, ಮಾಜಿ ಶಾಸಕರ ಪಿಂಚಣಿಯನ್ನು ತಿಂಗಳಿಗೆ 50,000ದಿಂದ 75,000 ರೂಪಾಯಿಗೆ ಏರಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಷೇರುಪೇಟೆಯ ನಂಟಿಲ್ಲ. ಶಿಕ್ಷಕರಿಗೆ ಪೇಟೆಯನ್ನು ನಂಬಿರಿ ಎಂದು ಬೋಧಿಸುವವರು ತಮ್ಮ ಮುಪ್ಪನ್ನು ಪೇಟೆಗೆ ಒಪ್ಪಿಸಿಲ್ಲ.

ಈಗ ನ್ಯಾಯದ ವಾದಕ್ಕೆ ಬರಬಹುದು. ಈ ಮೂರು ತಾಲೂಕುಗಳಲ್ಲಿ ದುಡಿಯುವ ಬಹುಪಾಲು ಜನರಿಗೆ ಪಿಂಚಣಿ ಇಲ್ಲ ಎನ್ನುವುದು ವಾದದ ತಳಹದಿ, ಆ ತಳಹದಿ ಗಟ್ಟಿಯಾಗಿದೆ. ಭಟ್ಕಳ ಬಂದರಿನಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾದ ತದಡಿಯಲ್ಲಿ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳ ಹೊಟ್ಟೆಪಾಡೇ ಕಷ್ಟವಾಗಿರುವ ಮನೆಯಲ್ಲಿ ಮುಪ್ಪಿಗೆ ಉಳಿಸುವುದು ಎಲ್ಲಿಂದ? ಅಘನಾಶಿನಿಯ ಅಳಿವೆಯಲ್ಲಿ ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿಗೆ ನಿವೃತ್ತಿಯ ವಯಸ್ಸೇ ಇಲ್ಲ, ಮಂಡಿ ಸೋತ ದಿನವೇ ನಿವೃತ್ತಿ. ತರಕಾರಿ ಹೊತ್ತು ಸಂತೆಗೆ ಬರುವ ಹಾಲಕ್ಕಿ ಹೆಂಗಸರ ಪಾಡೂ ಇದೇ. ಗಲ್ಫಿನಿಂದ ಮರಳಿದವರ ಕೈಯಲ್ಲಿ ಸೇವಾಂತ್ಯದ ಇಡಿಗಂಟು ಇರಬಹುದು, ತಿಂಗಳ ಆದಾಯ ಮಕ್ಕಳ ಕಡೆಯಿಂದಲೇ ಬರಬೇಕು.

ಹಾಗಿದ್ದರೆ ಇವರ ಹೆಸರಿನಲ್ಲಿ ನಡೆದ ಸುಧಾರಣೆಯಿಂದ ಇವರಿಗೆ ದಕ್ಕಿದ್ದೇನು? ಉತ್ತರಕ್ಕೆ ಒಂದು ದಿನಾಂಕ ಸಾಕು. ಕರ್ನಾಟಕ ತನ್ನ ಹೊಸ ನೌಕರರಿಗೆ ನಿಶ್ಚಿತ ಪಿಂಚಣಿಯ ಬಾಗಿಲು ಮುಚ್ಚಿದ್ದು 2006ರ ಏಪ್ರಿಲ್ 1ರಂದು. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 75 ರೂಪಾಯಿಯಿಂದ 200 ರೂಪಾಯಿಗೆ ಏರಿದ್ದೂ ಅದೇ 2006ರ ಏಪ್ರಿಲ್ 1ರಂದು. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಎಂದು ಹೆಸರು ಬದಲಾಯಿತು, ಸರ್ಕಾರಗಳು ಬದಲಾದವು, ಬೆಲೆಗಳು ಮೂರು ಪಟ್ಟಿಗೂ ಹೆಚ್ಚಾದವು. ಅರವತ್ತರಿಂದ ಎಪ್ಪತ್ತೊಂಬತ್ತು ವಯಸ್ಸಿನವರಿಗೆ ಕೇಂದ್ರದ ಪಾಲು ಆಮೇಲೆ ಒಂದು ರೂಪಾಯಿಯೂ ಏರಿಲ್ಲ. ಎಂಬತ್ತು ದಾಟಿದವರಿಗೆ ಮಾತ್ರ 500. ಕರ್ನಾಟಕದಲ್ಲಿ ಅರವತ್ತೈದು ದಾಟಿದ ಬಡವರ ಕೈಗೆ ತಿಂಗಳಿಗೆ 1,200 ರೂಪಾಯಿ ತಲುಪುತ್ತಿದ್ದರೆ ಅದರ ಬಹುಭಾಗ ರಾಜ್ಯದ್ದು. ತಿಂಗಳಿಗೆ 1,200 ಎಂದರೆ ದಿನಕ್ಕೆ ನಲವತ್ತು ರೂಪಾಯಿ.

ಶಿಕ್ಷಕಿಯಿಂದ ಕಿತ್ತ ಪಿಂಚಣಿ ಮೀನು ಮಾರುವವಳ ಮನೆಗೆ ಹೋಗಿಲ್ಲ. ಹೋಗುವ ದಾರಿಯನ್ನು ಯಾವ ಸರ್ಕಾರವೂ ಮಾಡಿಲ್ಲ, ಮಾಡುತ್ತೇವೆಂದು ಹೇಳಿಯೂ ಇಲ್ಲ. ಇಬ್ಬರ ನಡುವಿನ ಅಂತರವನ್ನು ತೋರಿಸಿ ಒಬ್ಬಳನ್ನು ಕೆಳಗಿಳಿಸಿದ್ದಾಯಿತು, ಇನ್ನೊಬ್ಬಳು ಇದ್ದಲ್ಲೇ ಉಳಿದಳು. ಬಡವರ ಹೆಸರನ್ನು ವಾದಕ್ಕೆ ಬಳಸಿ ಲಾಭದಲ್ಲಿ ಅವರಿಗೆ ಪಾಲು ಕೊಡದಿದ್ದರೆ ಅದು ನ್ಯಾಯದ ವಾದವಾಗಿ ಉಳಿಯುವುದಿಲ್ಲ. ಅಷ್ಟೇ ಅಲ್ಲ, ನಿಶ್ಚಿತ ಪಿಂಚಣಿ ಎಂಬುದು ಸರ್ಕಾರಿ ನೌಕರರಲ್ಲೇ ಇಲ್ಲವಾದ ಮೇಲೆ ಮೀನುಗಾರರು, ಕೂಲಿಕಾರರು ತಮಗೂ ಅದು ಬೇಕೆಂದು ಕೇಳಲು ತೋರಿಸಬಹುದಾದ ಮಾದರಿಯೇ ಅಳಿಸಿಹೋಗುತ್ತದೆ. ಕಾರ್ಮಿಕ ಕಾನೂನಿನ ಚರಿತ್ರೆಯಲ್ಲಿ ವಾರದ ರಜೆ, ಹೆರಿಗೆ ರಜೆ, ಗ್ರಾಚ್ಯುಟಿ ಎಲ್ಲವೂ ಮೊದಲು ಕೆಲವರಿಗೆ ಸಿಕ್ಕಿ ಆಮೇಲೆ ಉಳಿದವರಿಗೆ ಹಬ್ಬಿದವು. ಅಂಗನವಾಡಿ ಕಾರ್ಯಕರ್ತೆಯರೂ ಗ್ರಾಚ್ಯುಟಿಗೆ ಅರ್ಹರು ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಆ ದಾರಿಯ ಇತ್ತೀಚಿನ ಮೈಲಿಗಲ್ಲು. ಮೊದಲು ಪಡೆದವರಿಂದಲೇ ಅದನ್ನು ಕಿತ್ತುಹಾಕಿದ್ದರೆ ಆ ತೀರ್ಪಿಗೆ ಆಧಾರವೇ ಇರುತ್ತಿರಲಿಲ್ಲ.

ಪಿಂಚಣಿ ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಬರಬೇಕಾದ ಹಕ್ಕು ಎಂದು 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿವೃತ್ತರು ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಅದೇ ಪ್ರಕರಣದಲ್ಲಿ ಕೋರ್ಟ್ ಇನ್ನೊಂದು ಮಾತನ್ನೂ ಹೇಳಿತ್ತು: ಒಂದೇ ಬಗೆಯ ಪಿಂಚಣಿದಾರರನ್ನು ನಿವೃತ್ತಿಯ ದಿನಾಂಕವೊಂದನ್ನು ಹಿಡಿದು ಎರಡು ಪಾಲು ಮಾಡುವುದು ಸಮಾನತೆಗೆ ವಿರುದ್ಧ. ಸೇವೆಗೆ ಸೇರಿದ ದಿನಾಂಕದ ಮೇಲೆ ಭೇದ ಮಾಡುವುದು ಕಾನೂನಿನ ದೃಷ್ಟಿಯಲ್ಲಿ ಬೇರೆ ವಿಷಯ, ಸರ್ಕಾರಗಳು ಆ ಬಾಗಿಲಿನಿಂದಲೇ ದಾಟಿ ಹೋದವು. ಒಂದೇ ತರಗತಿಯ ಎರಡು ವಿಭಾಗಗಳಿಗೆ ಒಂದೇ ಪಾಠ ಹೇಳುವ ಇಬ್ಬರಲ್ಲಿ ಒಬ್ಬರು 2005ರಲ್ಲಿ, ಇನ್ನೊಬ್ಬರು 2007ರಲ್ಲಿ ನೇಮಕಗೊಂಡರೆ ಅವರ ಮುಪ್ಪು ಬೇರೆ ಬೇರೆಯಾಗುವುದು ಹೇಗೆ ನ್ಯಾಯ ಎಂಬುದಕ್ಕೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ. ದಿನಾಂಕದ ಈ ಗೆರೆ ಎಷ್ಟು ಸಡಿಲ ಎಂಬುದನ್ನು ರಾಜ್ಯ ಸರ್ಕಾರವೇ 2024ರ ಜನವರಿಯಲ್ಲಿ ತೋರಿಸಿತು. 2006ಕ್ಕೆ ಮೊದಲೇ ಅಧಿಸೂಚನೆ ಹೊರಟು ಆಮೇಲೆ ನೇಮಕಗೊಂಡ ಸುಮಾರು 13,000 ನೌಕರರನ್ನು ಅದು ಹಳೆ ಪಿಂಚಣಿಗೆ ಸೇರಿಸಿತು. ಅದು ಸರಿಯಾದ ಹೆಜ್ಜೆ. ಖಜಾನೆ ಅದರಿಂದ ಕುಸಿಯಲಿಲ್ಲ.

ಅನುದಾನಿತ ಶಾಲೆಗಳ ಕಥೆ ಇದಕ್ಕಿಂತ ಕಹಿ, ಕರಾವಳಿಗೆ ಅದು ಹೆಚ್ಚು ಹತ್ತಿರದ್ದು. ಸರ್ಕಾರ ಶಾಲೆ ಕಟ್ಟುವ ಮೊದಲೇ ಇಲ್ಲಿನ ಜನ ಕಟ್ಟಿಕೊಂಡರು. ಭಟ್ಕಳದ ಅಂಜುಮನ್ ಸಂಸ್ಥೆ 1919ರದ್ದು. ಕುಮಟಾದ ಕೆನರಾ ಕಾಲೇಜು ಸೊಸೈಟಿ, ಹೊನ್ನಾವರದ ಮಲ್ನಾಡ್ ಪ್ರೋಗ್ರೆಸಿವ್ ಎಜುಕೇಶನ್ ಸೊಸೈಟಿ ಕಟ್ಟಿದ ಕಾಲೇಜುಗಳಲ್ಲಿ ಓದಿದವರು ಇಡೀ ಜಿಲ್ಲೆಯಲ್ಲಿದ್ದಾರೆ. ಇಂಥ ಸಂಸ್ಥೆಗಳ ಜೊತೆ ಹಳ್ಳಿ ಹಳ್ಳಿಯ ಅನುದಾನಿತ ಪ್ರೌಢಶಾಲೆಗಳು ಸೇರಿ ಜಿಲ್ಲೆಯ ಶಿಕ್ಷಣದ ಬೆನ್ನೆಲುಬಾದವು. ನೇಮಕ ಆಡಳಿತ ಮಂಡಳಿಯದು, ಅನುಮೋದನೆ ಇಲಾಖೆಯದು, ಸಂಬಳ ಸರ್ಕಾರದ್ದು ಎಂಬುದು ಅನುದಾನದ ಕ್ರಮ. 2006ಕ್ಕೆ ಮೊದಲು ಸೇರಿದವರಿಗೆ ಪಿಂಚಣಿಯೂ ಇತ್ತು. ಆಮೇಲೆ ನೇಮಕಗೊಂಡವರಿಗೆ ಹಳೆಯದು ಇಲ್ಲ. ಎನ್‌ಪಿಎಸ್‌ನ ಸರ್ಕಾರಿ ವಂತಿಗೆಯೂ ಇಲ್ಲ, ಅದು ಆಡಳಿತ ಮಂಡಳಿಗಳ ಹೊಣೆ ಎಂದು ಸರ್ಕಾರ ಕೈತೊಳೆದುಕೊಂಡಿತು. ಶುಲ್ಕಕ್ಕೂ ತಡಕಾಡುವ ಹಳ್ಳಿಯ ಪ್ರೌಢಶಾಲೆಯ ಮಂಡಳಿ ಆ ಹಣವನ್ನು ತರುವುದು ಎಲ್ಲಿಂದ? ಈ ಶಿಕ್ಷಕರು 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಹಳೆ ಪಿಂಚಣಿಗೂ ಎನ್‌ಪಿಎಸ್‌ಗೂ ನಡುವಿನ ಚರ್ಚೆಯಲ್ಲಿ ಇವರ ಹೆಸರೇ ಬರುವುದಿಲ್ಲ. ಸುಧಾರಣೆಯ ಮೊದಲ ಪೆಟ್ಟು ಬಿದ್ದದ್ದು ಅತ್ಯಂತ ದುರ್ಬಲ ಕೊಂಡಿಯ ಮೇಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಸಾರ್ವಜನಿಕ ಸೇವೆಯೊಳಗೇ ಹೀಗೆ ಮೆಟ್ಟಿಲುಗಳಿವೆ, ಹೊರಗಿನಿಂದ ನೋಡುವವರಿಗೆ ಎಲ್ಲರೂ ಒಂದೇ ಸರ್ಕಾರಿ ನೌಕರರಂತೆ ಕಾಣುತ್ತಾರೆ. ಕುಮಟಾ, ಭಟ್ಕಳ ಘಟಕಗಳ ಬಸ್ ಚಾಲಕರು, ನಿರ್ವಾಹಕರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವರು. ಅವರಿಗೆ ಇರುವುದು 1995ರ ನೌಕರರ ಪಿಂಚಣಿ ಯೋಜನೆ. ಅದರಲ್ಲಿ ಎಷ್ಟೇ ಸಂಬಳವಿದ್ದರೂ ಸಾಮಾನ್ಯವಾಗಿ 15,000 ರೂಪಾಯಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಮೂವತ್ತೈದು ವರ್ಷ ಘಟ್ಟದ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದವನಿಗೆ ಈ ಸೂತ್ರದಲ್ಲಿ ಬರುವುದು 7,500 ರೂಪಾಯಿ. ಯೋಜನೆಯ ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಸುಲಿದು ನಿವೃತ್ತರಾದ ಹೆಂಗಸರು ಆಸೆ ಇಡಬೇಕಾದದ್ದು ಇದೇ ಯೋಜನೆಯ ಮೇಲೆ. ಹಳ್ಳಿಗೆ ಟಪಾಲು ತರುವ ಗ್ರಾಮೀಣ ಡಾಕ್ ಸೇವಕನಿಗೆ ಇಲಾಖೆಯ ನೌಕರನಿಗಿರುವಂಥ ಪಿಂಚಣಿಯೇ ಇಲ್ಲ. ಬ್ಯಾಂಕುಗಳಲ್ಲಿ 2010ರ ಏಪ್ರಿಲ್ 1ರ ಮೊದಲು ಸೇರಿದವರಿಗೆ ಒಂದು, ಆಮೇಲಿನವರಿಗೆ ಎನ್‌ಪಿಎಸ್. ಆಶಾ ಕಾರ್ಯಕರ್ತೆಯರನ್ನು ನೌಕರರೆಂದೇ ಒಪ್ಪುವುದಿಲ್ಲ.

ಮುಷ್ಕರದ ಮಾತು ಉಳಿಯಿತು. ಸೇವೆ ನಿಲ್ಲಿಸುವುದರಿಂದ ಬಡವರೇ ಸಾಯುತ್ತಾರೆ ಎನ್ನುವುದು ಆಕ್ಷೇಪ. ಆಸ್ಪತ್ರೆಯ ತುರ್ತು ಸೇವೆ ನಿಲ್ಲಬಾರದು. ಈ ಬಗ್ಗೆ ಎರಡು ಮಾತಿಲ್ಲ, 2023ರ ಮುಷ್ಕರದಲ್ಲಿ ಅದನ್ನು ಹೊರಗಿಟ್ಟೇ ಕರೆ ಕೊಡಲಾಗಿತ್ತು. ಆದರೆ ಉತ್ತರ ಕನ್ನಡದ ಕರಾವಳಿಯಲ್ಲಿ ಸೇವೆ ಇಲ್ಲದೆ ಜನ ಸಾಯುವುದಕ್ಕೆ ಮುಷ್ಕರ ಬೇಕಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಜಿಲ್ಲೆಯಲ್ಲಿ ಸುಸಜ್ಜಿತ ಆಸ್ಪತ್ರೆ ಇದ್ದಿದ್ದರೆ ಆ ಆಂಬುಲೆನ್ಸ್ ಪಕ್ಕದ ಜಿಲ್ಲೆಗೆ ಓಡಬೇಕಾಗಿರಲಿಲ್ಲ ಎಂಬ ಸಿಟ್ಟಿನಿಂದ ಆಸ್ಪತ್ರೆ ಕೊಡದಿದ್ದರೆ ಓಟಿಲ್ಲ ಎಂಬ ಅಭಿಯಾನವೇ ಎದ್ದಿತು. ರಾಜ್ಯದಲ್ಲಿ ಮಂಜೂರಾದ ಸುಮಾರು ಏಳೂಮುಕ್ಕಾಲು ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ. ಮುಷ್ಕರದ ದಿನ ಮುಚ್ಚಿದ ಕಚೇರಿಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ವರ್ಷವಿಡೀ ಖಾಲಿ ಇರುವ ಕುರ್ಚಿಯ ಫೋಟೋ ಬರುವುದಿಲ್ಲ. ಸೇವೆಯನ್ನು ನಿತ್ಯ ತಡೆಹಿಡಿದಿರುವುದು ನೇಮಕ ಮಾಡದ ಸರ್ಕಾರ.

ಕಾನೂನು ಈ ವಿಷಯದಲ್ಲಿ ನೌಕರರ ಪರವಾಗಿಲ್ಲ. 2003ರ ಜುಲೈನಲ್ಲಿ ತಮಿಳುನಾಡಿನ ಸರ್ಕಾರಿ ನೌಕರರು, ಪಿಂಚಣಿಯೂ ಸೇರಿದಂತೆ ನಿವೃತ್ತಿ ಸವಲತ್ತುಗಳ ಕಡಿತದ ವಿರುದ್ಧ ಮುಷ್ಕರ ಹೂಡಿದಾಗ ಅಲ್ಲಿನ ಸರ್ಕಾರ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿತು. ಬಹುಪಾಲು ಜನರನ್ನು ಮರಳಿ ಸೇರಿಸಿಕೊಳ್ಳುವಂತೆ ಮಾಡಿದರೂ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ, ಕಾನೂನುಬದ್ಧ ಅಥವಾ ನೈತಿಕ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಹೇಳಿತು. ಕೇಂದ್ರ ಸರ್ಕಾರ ಎನ್‌ಪಿಎಸ್ ಅಧಿಸೂಚನೆ ಹೊರಡಿಸಿದ್ದು ಅದೇ ವರ್ಷದ ಡಿಸೆಂಬರ್ 22ರಂದು. ಮೊದಲು ಪ್ರತಿಭಟಿಸುವ ಬಾಯಿ ಮುಚ್ಚಿತು, ಬಳಿಕ ಪಿಂಚಣಿ ಹೋಯಿತು. ಎರಡನ್ನೂ ಒಟ್ಟಿಗೆ ಯೋಜಿಸಲಾಗಿತ್ತೆಂದು ಹೇಳಬೇಕಾಗಿಲ್ಲ, ಒಂದರ ಹಿಂದೆ ಒಂದು ಬಂದದ್ದರ ಪರಿಣಾಮ ಅದೇ. ನೈತಿಕ ಹಕ್ಕಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಸೇವೆಗೆ ಸೇರುವವನೊಬ್ಬನ ಮುಪ್ಪಿನ ಷರತ್ತನ್ನು ಮಾತುಕತೆಯಿಲ್ಲದೆ, ಏಕಪಕ್ಷೀಯವಾಗಿ ಬದಲಿಸಬಲ್ಲ ಯಜಮಾನನ ಎದುರು ಕೆಲಸ ನಿಲ್ಲಿಸುವುದೊಂದನ್ನು ಬಿಟ್ಟು ನೌಕರನ ಕೈಯಲ್ಲಿ ಏನಿದೆ?

ಮುಷ್ಕರದ ಫಲವೂ ಎಲ್ಲರಿಗೆ ಒಂದೇ ಅಲ್ಲ. 2021ರ ಏಪ್ರಿಲ್ 7ರಿಂದ 21ರವರೆಗೆ ಆರನೇ ವೇತನ ಆಯೋಗದ ಸಂಬಳಕ್ಕಾಗಿ ಸಾರಿಗೆ ನೌಕರರು ಮುಷ್ಕರ ಹೂಡಿದರು. ಅವರಿಗೆ ಸಿಕ್ಕಿದ್ದು ವಜಾ, ಅಮಾನತು, ದೂರದ ವರ್ಗಾವಣೆ. 2025ರ ಆಗಸ್ಟ್ 5ರಂದು 38 ತಿಂಗಳ ಬಾಕಿಗಾಗಿ ಮತ್ತೆ ಇಳಿದಾಗ ಹೈಕೋರ್ಟಿನ ಆದೇಶದ ಮೇರೆಗೆ ಹಿಂದೆಗೆಯಬೇಕಾಯಿತು. ಸರ್ಕಾರಿ ನೌಕರರ ಸಂಘದ 2023ರ ಮುಷ್ಕರವಾದರೋ ಹೂಡಿದ ದಿನವೇ ಮುಗಿಯಿತು: ಏಪ್ರಿಲ್‌ನಿಂದ ಮೂಲವೇತನದ ಶೇ. 17 ಮಧ್ಯಂತರ ಪರಿಹಾರ ಸಿಕ್ಕಿತು. ಮುಂದೆ 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗ ಜಾರಿಯಾಗಿ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಹಳೆ ಪಿಂಚಣಿಗೆ ಸಿಕ್ಕಿದ್ದು ಒಂದು ಅಧ್ಯಯನ ಸಮಿತಿ. ಸಂಘ ಇದಕ್ಕೆ ಒಪ್ಪಿಕೊಂಡದ್ದು ತಪ್ಪು, ಟೀಕಿಸಬೇಕಾದದ್ದು ಇದನ್ನೇ. ಸಂಬಳ ಇವತ್ತಿನದು, ಎಲ್ಲರದು. ಪಿಂಚಣಿಯ ನಷ್ಟ ಕಿರಿಯರದು, ಮುಂದಿನದು. ಮಾತುಕತೆಯ ಮೇಜಿನಲ್ಲಿ ಹಿರಿಯರು ಸಂಬಳವನ್ನು ಹಿಡಿದುಕೊಂಡರು, ಕಿರಿಯರ ಮುಪ್ಪು ಸಮಿತಿಗೆ ಹೋಯಿತು. ಗುತ್ತಿಗೆ ನೌಕರರು, ಅನುದಾನಿತ ಶಿಕ್ಷಕರು ಆ ಮೇಜಿನ ಹತ್ತಿರವೂ ಇರಲಿಲ್ಲ. ಜನರ ಬೆಂಬಲ ಇಲ್ಲವೆಂದು ಕೊರಗುವ ಸಂಘಟನೆ ತನ್ನ ಬೇಡಿಕೆ ಪಟ್ಟಿಯಲ್ಲಿ ಜನರಿಗೆ ಒಂದು ಸಾಲನ್ನಾದರೂ ಇಟ್ಟಿತ್ತೇ ಎಂದು ನೋಡಿಕೊಳ್ಳಬೇಕು.

ಲಂಚದ ಮಾತನ್ನೂ ಇಲ್ಲೇ ಮುಗಿಸಬಹುದು. ತಾಲೂಕು ಕಚೇರಿಯಲ್ಲಿ ಕಾಸಿಲ್ಲದೆ ಕಡತ ಅಲುಗದು, ಇಂಥವರಿಗೆ ಪಿಂಚಣಿ ಬೇರೆ ಕೇಡು ಎಂದು ಹೇಳುವವರ ಅನುಭವ ಸುಳ್ಳಲ್ಲ. ಲಂಚಕ್ಕೆ ಶಿಕ್ಷೆ ಆಗಬೇಕು. ತಪ್ಪಿತಸ್ಥನ ಪಿಂಚಣಿಯನ್ನು ತಡೆಹಿಡಿಯಲು ಸೇವಾ ನಿಯಮಗಳಲ್ಲೇ ಅವಕಾಶವಿದೆ. ಎಲ್ಲರ ಮುಪ್ಪನ್ನೂ ಅಭದ್ರಗೊಳಿಸಿದರೆ ಕಡಿಮೆಯಾಗುವುದು ಲಂಚವಲ್ಲ, ಪ್ರಾಮಾಣಿಕನ ಧೈರ್ಯ.

ಬರೀ ಪೇಟೆಯನ್ನು ನಂಬಿದ ಪಿಂಚಣಿ ನಿಲ್ಲುವುದಿಲ್ಲ ಎಂಬುದನ್ನು ಈಗ ಕೇಂದ್ರ ಸರ್ಕಾರವೂ ಒಪ್ಪಿದಂತಿದೆ. ಐದು ರಾಜ್ಯಗಳ ನಿರ್ಧಾರ ಮತ್ತು ದೇಶವ್ಯಾಪಿ ಹೋರಾಟದ ನಡುವೆ 2023ರಲ್ಲಿ ಟಿ.ವಿ. ಸೋಮನಾಥನ್ ಸಮಿತಿ ರಚನೆಯಾಯಿತು. 2024ರ ಆಗಸ್ಟ್ 24ರಂದು ಸಂಪುಟ ಒಪ್ಪಿದ ಏಕೀಕೃತ ಪಿಂಚಣಿ ಯೋಜನೆ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಪ್ಪತ್ತೈದು ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ, ಹತ್ತು ವರ್ಷ ಮಾಡಿದವರಿಗೆ ಕನಿಷ್ಠ 10,000 ರೂಪಾಯಿ ಖಾತ್ರಿ. ಸರ್ಕಾರದ ಪಾಲು ಶೇ. 18.5. ನೌಕರರ ವಂತಿಗೆ ಮುಂದುವರಿಯುವುದರಿಂದ ಇದು ಹಳೆ ಪಿಂಚಣಿಯಲ್ಲ. ಆದರೆ ಇಪ್ಪತ್ತು ವರ್ಷ ಅಸಾಧ್ಯ ಎಂದು ಸಾರಿದ ಖಾತ್ರಿ ಸಾಧ್ಯ ಎಂಬುದು ಇದರಿಂದ ಬಯಲಾಯಿತು. ಅದನ್ನು ಸಾಧ್ಯವಾಗಿಸಿದ್ದು ಬೀದಿಗಿಳಿದವರು, ಸಂಪಾದಕೀಯಗಳಲ್ಲ.

ಕರ್ನಾಟಕದಲ್ಲಿ 2023ರ ಚುನಾವಣೆಗೆ ಮೊದಲು ಹಳೆ ಪಿಂಚಣಿಯನ್ನು ಸಕಾರಾತ್ಮಕವಾಗಿ ಪರಿಗಣಿಸುವುದಾಗಿ ಪ್ರಣಾಳಿಕೆಯಲ್ಲಿ ಬರೆದ ಪಕ್ಷವೇ ಗೆದ್ದು ಅಧಿಕಾರಕ್ಕೆ ಬಂದಿತು. ಆ ಮಾತಿನ ಜೊತೆಗೇ ಕೇಳಬೇಕಾದ ಇನ್ನೂ ಕೆಲವು ಇವೆ. 2006ರ ನಂತರದ ಅನುದಾನಿತ ಶಿಕ್ಷಕರಿಗೆ ಸರ್ಕಾರ ತನ್ನ ಪಾಲನ್ನು ಕಟ್ಟಬೇಕು. ಸಾರಿಗೆ ನೌಕರರ, ಗೋಡಂಬಿ ಕಾರ್ಮಿಕರ ಕನಿಷ್ಠ ಪಿಂಚಣಿ 1,000ದಲ್ಲಿ ನಿಲ್ಲಬಾರದು. ಬಡ ವೃದ್ಧರಿಗೆ ಕೇಂದ್ರ ಕೊಡುವ 200 ರೂಪಾಯಿಯನ್ನು ತುಟ್ಟಿಭತ್ಯೆಯಂತೆ ವರ್ಷಕ್ಕೆರಡು ಸಲ ಬೆಲೆಯ ಜೊತೆ ಏರಿಸುವ ನಿಯಮ ಬರಬೇಕು. ನೌಕರರ ಸಂಘಟನೆಗಳು ಮುಂದಿನ ಮುಷ್ಕರದ ಪತ್ರದಲ್ಲಿ ಈ ಮೂರನ್ನೂ ತಮ್ಮ ಬೇಡಿಕೆಯ ಪಕ್ಕದಲ್ಲೇ ಬರೆಯಲಿ. ಭಟ್ಕಳ, ಹೊನ್ನಾವರ, ಕುಮಟಾದ ಮತದಾರರು, ನೌಕರರಿಗೆ ಪಿಂಚಣಿ ಯಾಕೆ ಎಂದು ಪಕ್ಕದ ಮನೆಯ ಶಿಕ್ಷಕಿಯನ್ನು ಕೇಳುವುದನ್ನು ಬಿಟ್ಟು, ತಮಗೆ ಯಾಕಿಲ್ಲ ಎಂದು ಓಟು ಕೇಳಲು ಬಂದವರನ್ನು ಕೇಳಲಿ.